ಒಂಬತ್ತು ದಿನದ ಆಸ್ಪತ್ರೆ, ಹನ್ನೊಂದು ತಿಂಗಳ ಹರಕೆ

ಹೋದ ಭಾನುವಾರ ಕೊನೇ ಹರಕೆ ತೀರ್ತು. ನೋಟ್‌ಬುಕ್ಕಲ್ಲಿ ಎಂಟನೇ ಸಾಲಿನ ಮೇಲೆ ಗೀಟು ಎಳೆದು ಪೆನ್ನಿಗೆ ಕ್ಯಾಪ್ ಹಾಕ್ದಾಗ ನನ್ ಹೆಂಡ್ತಿ "ಸದ್ಯ, ಲೆಕ್ಕ ಚುಕ್ತಾ ಆಯ್ತಾ ಸೆಕ್ರೆಟ್ರಿ ಸಾಹೇಬ್ರೇ" ಅಂತ ನಕ್ಳು. ನಾನು ಕೆ.ಆರ್.ಪೇಟೆ ತಾಲ್ಲೂಕಿನ ಒಂದು ಊರಲ್ಲಿ ಡೈರಿ ಸೆಕ್ರೆಟರಿ, ದಿನಾ ಎರಡು ಹೊತ್ತು ಹಾಲಿನ ಫ್ಯಾಟು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಮಿಕ್ಕ ಗಟ್ಟಿ ಅಂಶ) ಬರೆಯೋದೇ ಕೆಲಸ, ಅದಕ್ಕೆ ದೇವ್ರ ವ್ಯವಹಾರನೂ ಪುಸ್ತಕದಲ್ಲೇ ಬರ್ಕೊಂಡಿದ್ದೆ. ಮುಂದೆ ಯಾರಾದ್ರೂ ನನ್ ಥರ ಐಸಿಯು ಹೊರಗಡೆ ಬೆಂಚಲ್ಲಿ ಕೂತು ಬಾಯಿಗ್ ಬಂದ ದೇವ್ರನ್ನೆಲ್ಲ ಕೂಗೋ ಪರಿಸ್ಥಿತಿ ಬಂದ್ರೆ (ಯಾರಿಗೂ ಬರೋದ್ ಬೇಡ) ಸ್ವಲ್ಪನಾದ್ರೂ ಗೊಂದಲ ಕಮ್ಮಿ ಆಗ್ಲಿ ಅಂತ ಇದನ್ನ ಬರೀತಿದೀನಿ.

ಮೊದಲೇ ಒಂದು ಮಾತು ಹೇಳ್ಬಿಡ್ತೀನಿ, ನಾನು ದೊಡ್ಡ ಭಕ್ತ ಏನಲ್ಲ. ಡೈರೀಲಿ ಫೋಟೋಗೆ ಊದ್ಬತ್ತಿ ಹಚ್ತೀನಿ, ಅದೂ ಮರೆತ್ರೆ ಟೆಸ್ಟರ್ ಹುಡುಗ ಹಚ್ತಾನೆ, ಅಷ್ಟೇ ನನ್ ಭಕ್ತಿ. ಸಂಕಟ ಬಂದಾಗ ವೆಂಕಟರಮಣ ಅಂತ ಗಾದೆ ಇದ್ಯಲ್ಲ, ಅದನ್ನ ಬೇರೆಯೋರಿಗೆ ಹೇಳಿ ನಗಾಡ್ತಿದ್ದೋನು ನಾನೇ.

2024ರ ಜುಲೈ. ಎಲ್ಲಾ ಕಡೆ ಡೆಂಗಿ ಡೆಂಗಿ ಅಂತ ಸುದ್ದಿ ಇತ್ತು. ನನ್ ಮಗ್ಳಿಗೆ ಒಂಬತ್ತು ವರ್ಷ, ಬುಧವಾರ ಸ್ಕೂಲಿಂದ ಬಂದೋಳು ಬ್ಯಾಗ್ ಎಸೆದು ಮಲ್ಕೊಂಡ್ಳು, ಮುಟ್ಟಿದ್ರೆ ಕಾದ ಹೆಂಚು. ಪೇಟೇಲಿ ರಕ್ತ ಟೆಸ್ಟ್ ಮಾಡ್ಸಿದ್ವಿ, ಎನ್‌ಎಸ್‌1 ಪಾಸಿಟಿವ್, ಅಂದ್ರೆ ಡೆಂಗಿನೇ. ಡಾಕ್ಟ್ರು ಪ್ಯಾರಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಯಾವ್ದೂ ಕೊಡ್ಬೇಡಿ, ನೀರು ಎಳನೀರು ಓಆರ್‌ಎಸ್ ಕುಡಿಸ್ತಾ ಇರಿ, ದಿನಾ ರಕ್ತ ಚೆಕ್ ಮಾಡ್ಸಿ ಅಂದ್ರು. ಶನಿವಾರ ಬೆಳಿಗ್ಗೆ ಜ್ವರ ಪೂರ್ತಿ ಇಳೀತು. ನಾವು ಗೆದ್ವಿ ಅನ್ಕೊಂಡು ಆವತ್ತಿನ ರಕ್ತ ಟೆಸ್ಟಿಗೆ ಹೋಗ್ಲೇ ಇಲ್ಲ, ಎರಡು ಇಡ್ಲಿ ತಿನ್ನಿಸಿ ನಾನು ಹಾಲು ಅಳೆಯೋಕೆ ಹೋದೆ. ನಾನು ಮಾಡಿದ ದೊಡ್ಡ ತಪ್ಪು ಅದೇ. ಡೆಂಗೀಲಿ ಜ್ವರ ಇಳಿದಾಗಲೇ ಅಪಾಯ ಶುರು ಆಗೋದಂತೆ, ಅದಾದ ಒಂದೆರಡು ದಿನ ಕಣ್ಣಿಟ್ಟು ನೋಡ್ಬೇಕು, ಹೊಟ್ಟೆನೋವು, ಪದೇ ಪದೇ ವಾಂತಿ, ಕೈಕಾಲು ತಣ್ಣಗಾಗೋದು, ಮಂಕಾಗೋದು ಇದ್ರಲ್ಲಿ ಒಂದು ಕಂಡ್ರೂ ಓಡ್ಬೇಕು. ಸಂಜೆ ಹೆಂಡ್ತಿ ಫೋನ್ ಮಾಡಿ "ರೀ, ಮಗು ಪಾದ ಮಂಜುಗಡ್ಡೆ ಆಗೈತೆ, ಬೇಗ್ ಬನ್ನಿ" ಅಂದ್ಳು. ಹಾಲಿನ ಕ್ಯಾನ್ ಅಲ್ಲೇ ಬಿಟ್ಟು ಓಡ್ದೆ.

ತಾಲ್ಲೂಕು ಆಸ್ಪತ್ರೇಲಿ ಬಿಪಿ ನೋಡಿದ ನರ್ಸಮ್ಮ ಮುಖ ಬದಲಾಯಿಸಿದ್ದು ನಾನು ನೋಡ್ದೆ. ಡ್ರಿಪ್ ಹಾಕಿ 108ಕ್ಕೆ ಹೇಳಿ ಮೈಸೂರಿಗೆ ಕಳಿಸಿದ್ರು. ರಾತ್ರಿ ಹತ್ತೂವರೆ, ಮಳೆ, ಪಾಂಡವಪುರದ ಕಡೆಯಿಂದ ಶ್ರೀರಂಗಪಟ್ಟಣದ ದಾರಿ. ಮಧ್ಯ ಎಲ್ಲೋ ಡ್ರಿಪ್ ನಿಂತೋಯ್ತು ಅಂತ ಗಾಡಿ ಸೈಡಿಗೆ ಹಾಕಿ ಸರಿಮಾಡ್ತಿದ್ರು, ಎರಡು ನಿಮಿಷ ಇರ್ಬೋದು, ನಂಗೆ ಎರಡು ಗಂಟೆ. ಕಿಟಕಿ ಆಚೆ ರಸ್ತೆ ಪಕ್ಕ ಒಂದು ಪುಟಾಣಿ ಗುಡಿ, ಒಳಗೆ ಕೆಂಪು ಜೀರೋ ಕ್ಯಾಂಡ್ಲ್ ಬಲ್ಬು, ಒಳಗಿರೋ ದೇವ್ರು ಯಾರು ಅಂತಾನೂ ಕಾಣಿಸ್ತಿರ್ಲಿಲ್ಲ. "ಯಾರಪ್ಪ ಅಲ್ಲಿರೋದು, ಯಾರಾದ್ರೂ ಸರಿ, ನನ್ ಮಗ್ಳನ್ನ ಮೈಸೂರು ಮುಟ್ಸು, ಕಾಯಿ ಒಡೀತೀನಿ" ಅಂದೆ. ಜೋರಾಗೇ ಅಂದಿದ್ದೆ ಅನ್ಸುತ್ತೆ, ಆಂಬುಲೆನ್ಸ್ ಹುಡುಗ ತಿರುಗಿ ನೋಡ್ದ. ಅದು ನನ್ ಮೊದಲನೇ ಹರಕೆ, ಕೊನೆಗೆ ತೀರಿಸೋಕೆ ಎಲ್ಲಕ್ಕಿಂತ ಕಷ್ಟ ಆಗಿದ್ದೂ ಅದೇ, ಆ ಕಥೆ ಆಮೇಲೆ. ಶ್ರೀರಂಗಪಟ್ಟಣದಲ್ಲಿ ಕಾವೇರಿ ಸೇತುವೆ ಬಂತು, ಗಂಜಾಂ ನಿಮಿಷಾಂಬ ನೆನಪಾದ್ಳು. ಒಂದು ನಿಮಿಷದಲ್ಲಿ ಕಷ್ಟ ಕಳೀತಾಳೆ ಅಂತಾರಲ್ಲ, ನಂಗೆ ಆಗ ಬೇಕಾಗಿದ್ದೂ ಅಂಥಾದ್ದೇ ಸ್ಪೀಡು. ಎರಡನೇದು.

ಆಸ್ಪತ್ರೆ ಹೆಸರು ಬೇಡ. ಪ್ರೈವೇಟು, ಡಾಕ್ಟ್ರು ನರ್ಸುಗಳು ಒಳ್ಳೇವ್ರೇ, ಬಿಲ್ಲಿಂಗ್ ಕೌಂಟರ್ ಮಾತ್ರ ಬೇರೆ ಲೋಕ. ಮಗು ಒಳಗೆ ಹೋಯ್ತು, ನಂಗೆ ಐವತ್ತು ಸಾವಿರ ಅಡ್ವಾನ್ಸ್ ಅಂದ್ರು. ಜೇಬಲ್ಲಿ ಆರು ಸಾವಿರ. ಯಶಸ್ವಿನಿ ಕಾರ್ಡ್ ತೆಗೆದು ಕೊಟ್ಟೆ, ಸಹಕಾರ ಸಂಘದೋರು ನಾವು, ಎಲ್ಲಾರ್ಗೂ ಮಾಡ್ಸಿರೋನೂ ನಾನೇ, ಆದ್ರೆ ಅದು ಇಲ್ಲಿ ನಡೆಯಲ್ಲ ಅಂತ ಆಗ ಗೊತ್ತಾಯ್ತು. ಬಿಪಿಎಲ್ ಕಾರ್ಡಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ ಐದು ಲಕ್ಷದವರೆಗೆ ಇದೆ, ಆದ್ರೆ ಈ ಆಸ್ಪತ್ರೆ ಅದ್ರ ಲಿಸ್ಟಲ್ಲೇ ಇರ್ಲಿಲ್ಲ. ಆಂಬುಲೆನ್ಸ್ ಹತ್ತೋ ಮುಂಚೆ "ಅಲ್ಲಿ ಆರೋಗ್ಯಮಿತ್ರ (ಆಸ್ಪತ್ರೇಲಿ ಈ ಯೋಜನೆ ಕೆಲಸ ನೋಡ್ಕೊಳೋರು) ಇದಾರಾ" ಅಂತ ಒಂದೇ ಒಂದು ಪ್ರಶ್ನೆ ಕೇಳಿ ಅಂತ ನಾನು ಈಗ ಎಲ್ಲರ್ಗೂ ಹೇಳೋದು. ರೇಷನ್ ಕಾರ್ಡು, ಎಲ್ಲರ ಆಧಾರು, ಹಳೇ ರಕ್ತದ ರಿಪೋರ್ಟು ಒಂದು ಕವರಲ್ಲಿ ಹಾಕಿ ಬಾಗಿಲ ಹತ್ರಾನೇ ನೇತಾಕಿ ಇಟ್ಕೊಳಿ. ನಾನು ಮಗ್ಳ ಆಧಾರ್‌ಗೆ ಊರಿಗೆ ಫೋನ್ ಮಾಡಿ, ನಮ್ಮಮ್ಮನಿಗೆ ಬೀರು ಕೀ ಸಿಗದೆ, ಪಕ್ಕದ ಮನೆ ಹುಡುಗ ಬೀರು ಬೀಗ ಒಡೆದು ವಾಟ್ಸಾಪ್ ಮಾಡ್ದ.

ಪ್ಲೇಟ್‌ಲೆಟ್ 18,000 ಅಂದ್ರು. ನಾನು ಅದೊಂದೇ ನಂಬರ್ ಹಿಡ್ಕೊಂಡೆ. ಡಾಕ್ಟ್ರು ಕೂರಿಸಿ ಹೇಳಿದ್ರು, ಬರೀ ಪ್ಲೇಟ್‌ಲೆಟ್ ನೋಡ್ಬೇಡಿ, ರಕ್ತನಾಳದಿಂದ ನೀರಿನಂಶ ಸೋರ್ತಾ ಇದೆ, ರಕ್ತ ಗಟ್ಟಿ ಆಗ್ತಿದೆ, ಬಿಪಿ ನಿಲ್ಲಿಸ್ಕೊಳೋದೇ ಈಗ ಮುಖ್ಯ, ಮುಂದಿನ 48 ಗಂಟೆ ಏನೂ ಹೇಳಕ್ಕಾಗಲ್ಲ ಅಂತ. ಆ 48 ಗಂಟೆ ಅನ್ನೋ ಮಾತು ಕಿವೀಲಿ ಗುಂಯ್ ಅಂತಿತ್ತು. ರಕ್ತಸ್ರಾವ ಶುರುವಾದ್ರೆ ಬೇಕಾಗ್ಬೋದು ಅಂತ ಓ ಪಾಸಿಟಿವ್ ಡೋನರ್ ರೆಡಿ ಇಟ್ಕೊಳಿ ಅಂದ್ರು, ಡೈರಿ ಗ್ರೂಪಲ್ಲಿ ಒಂದು ಮೆಸೇಜ್ ಹಾಕ್ದೆ, ಬೆಳಿಗ್ಗೆ ಆರಕ್ಕೆ ಹಾಲು ಹಾಕಿ ಹಂಗೇ ನಾಲ್ಕು ಜನ ಒಂದು ಓಮ್ನೀಲಿ ಬಂದಿದ್ರು, ಸಗಣಿ ಮೆತ್ತಿದ ಪ್ಯಾಂಟಲ್ಲೇ. ಅವರನ್ನ ನೋಡಿ ಅತ್ತಿದ್ದು ನಾನು ಮೊದಲ ಸಲ.

ಈಗ ಪ್ರಾರ್ಥನೆ ವಿಷ್ಯ. ಮೊದಲ ರಾತ್ರಿ ನಂಗೆ ಪ್ರಾರ್ಥನೆ ಮಾಡೋಕೇ ಬರ್ಲಿಲ್ಲ. ಅಜ್ಜಿ ಹೇಳ್ಕೊಟ್ಟಿದ್ದ ದೇವರನಾಮ ನೆನಪು ಮಾಡ್ಕೊಂಡ್ರೆ ಎರಡನೇ ಸಾಲಿಗೆ ನಿಂತೋಯ್ತು. ಸ್ನಾನ ಇಲ್ಲ, ಚಪ್ಪಲಿ ಕಾಲು, ಹಾಲಿನ ವಾಸನೆ ಅಂಗಿ, ಪಕ್ಕದಲ್ಲೇ ಟಾಯ್ಲೆಟ್ಟು, ಇಲ್ಲಿ ದೇವ್ರ ಹೆಸರು ಹೇಳ್ಬೋದಾ ಅಂತ ಬೇರೆ ಯೋಚನೆ. ಕಣ್ಣು ಮುಚ್ಚಿದ್ರೆ ಮಾನಿಟರ್ ಕೀಂಯ್ ಕೀಂಯ್. ಹೆಂಡ್ತಿ ಐಸಿಯು ಬಾಗಿಲ ಗಾಜಿಗೆ ಹಣೆ ಒತ್ತಿ ನಿಂತಿದ್ಲು, ಒಂದು ಮಾತಿಲ್ಲ. ಬೆಳಗಿನ ಜಾವ ಎದೆ ಒಡೆದುಹೋಗೋ ಥರ ಆಯ್ತು, ಎಲ್ಲಿಗ್ ಹೋಗ್ಲಿ ಗೊತ್ತಾಗ್ದೆ ವರಾಂಡದಲ್ಲಿ ಸುತ್ತುತಿದ್ದೆ. ಸೆಕ್ಯೂರಿಟಿ ಅಣ್ಣ ಹತ್ರ ಬಂದು ಮೆಲ್ಲಗೆ "ಮೇಲೆ ಲಿಫ್ಟ್ ರೂಮಿನ ಮೆಟ್ಲಿಗೆ ಹೋಗಿ ಸಾರ್, ಅಲ್ಲಿ ಕ್ಯಾಮ್ರಾ ಇಲ್ಲ, ಎಲ್ಲಾರೂ ಅಲ್ಲೇ ಅಳೋದು" ಅಂದ್ರು. ಹೋದೆ. ಗೋಡೇಲಿ ಯಾರೋ ಪೆನ್ನಲ್ಲಿ ಓಂ ಬರ್ದಿದಾರೆ, ಅದ್ರ ಕೆಳಗೆ ಒಂದು ಶಿಲುಬೆ, ಪಕ್ಕದಲ್ಲಿ 786. ಆ ಗೋಡೆ ನೋಡಿದ ಮೇಲೆ ಮಡಿ ಮೈಲಿಗೆ ಯೋಚನೆ ಬಿಟ್ಟೋಯ್ತು.

ಅಲ್ಲಿ ನಾನು ಮಾಡಿದ್ದು ಪ್ರಾರ್ಥನೆ ಅಂತ ಹೇಳೋಕಾಗಲ್ಲ, ಬೈದೆ. "ಕಣ್ಣಿಲ್ವಾ ನಿಂಗೆ, ಒಂಬತ್ತು ವರ್ಷದ ಕೂಸು ಏನ್ ಮಾಡಿತ್ತು ನಿಂಗೆ, ನನ್ನ ತಗೊಂಡೋಗು, ನಾನು ಹಾಲಿಗೆ ನೀರು ಬಿಟ್ಟೋರ್ನ ಕಂಡೂ ಕಾಣ್ದಂಗೆ ಇದ್ದೋನು, ನನ್ನ ತಗೊಂಡೋಗು" ಅಂತ. ಬೈದು ಬೈದು ಕೊನೆಗೆ ಬರೀ ಅಪ್ಪಾ ಅಪ್ಪಾ ಅನ್ನೋ ಶಬ್ದ ಉಳೀತು. ನಮ್ಮಪ್ಪ ತೀರ್ಕೊಂಡು ಹನ್ನೆರಡು ವರ್ಷ ಆಗಿತ್ತು, ಯಾರನ್ನ ಕರೀತಿದ್ದೆ ಅಂತ ಇವತ್ತಿಗೂ ನಂಗೆ ಗೊತ್ತಿಲ್ಲ. ಕೆಳಗೆ ಬಂದಾಗ ಮಗು ಹಂಗೇ ಇತ್ತು, ಏನೂ ಬದಲಾಗಿರ್ಲಿಲ್ಲ, ಆದ್ರೆ ನನ್ ಕೈ ನಡುಗೋದು ನಿಂತಿತ್ತು, ಡಾಕ್ಟ್ರು ಕೊಟ್ಟ ಫಾರಂ ಓದಿ ಸೈನ್ ಮಾಡೋಕಾಯ್ತು. ಅಷ್ಟೇ ಆಗಿದ್ದು, ಜಾಸ್ತಿ ಮಾಡಿ ಹೇಳಲ್ಲ.

ಬೆಂಚಲ್ಲಿ ಇನ್ನೊಬ್ರಿದ್ರು, ಮಂಡಿ ಮೊಹಲ್ಲಾ ಕಡೆಯೋರು, ಅವರ ಆರು ವರ್ಷದ ಮಗ ನನ್ ಮಗ್ಳ ಪಕ್ಕದ ಬೆಡ್ಡು, ಮೆದುಳಿಗೆ ಜ್ವರ. ನಾನು ಭಾಯ್ ಅಂತಿದ್ದೆ, ಅವ್ರು ನಂಗೆ ಅಣ್ಣ ಅಂತಿದ್ರು. ಐದು ಹೊತ್ತೂ ಒಂದು ಸಣ್ಣ ಚಾಪೆ ಹಾಸ್ಕೊಂಡು ನಮಾಜು, ಆಮೇಲೆ ಕೈ ಎತ್ತಿ ದುವಾ, ನನ್ ಮಗ್ಳ ಹೆಸರು ಕೇಳ್ಕೊಂಡು ಅದನ್ನೂ ಸೇರಿಸ್ತಿದ್ರು. ನಂಗೆ ಚಪಾತಿ ಕೊಡ್ತಿದ್ರು, ನಾನು ಟೀ ತರ್ತಿದ್ದೆ. ಎರಡನೇ ದಿನ ಅವರೇ ಹೇಳಿದ್ದು, "ಅಣ್ಣ, ನಮ್ ಸುಲ್ತಾನ್ ಒಂದು ಆನೆಗೋಸ್ಕರ ನಿಮ್ ನಂಜುಂಡನ್ನ ಕೇಳ್ಕೊಂಡಿದ್ರಂತೆ, ನೀವು ಮಗಳಿಗೋಸ್ಕರ ಕೇಳಿ" ಅಂತ. ಟಿಪ್ಪೂನ ಆನೆಗೆ ಕಣ್ಣು ಹೋಗಿತ್ತಂತೆ, ನಂಜನಗೂಡಿನ ಶ್ರೀಕಂಠೇಶ್ವರನಿಗೆ ಹರಕೆ ಮಾಡಿ ವಾಸಿಯಾಗಿ, ಪಚ್ಚೆ ಲಿಂಗ ಮಾಡಿಸ್ಕೊಟ್ಟು ಹಕೀಮ್ ನಂಜುಂಡ ಅಂತ ಕರೆದ ಅಂತ ನಮ್ ಕಡೆ ಎಲ್ಲಾರೂ ಹೇಳೋ ಕಥೆ. ನಂಗೆ ಆ ಹೊತ್ತಲ್ಲಿ ನೆನಪೇ ಇರ್ಲಿಲ್ಲ. ಕೂತಲ್ಲೇ ಉರುಳು ಸೇವೆ ಹೊತ್ಕೊಂಡೆ.

ಅಲ್ಲಿಂದ ಹರಕೆಗಳು ಮಳೆಗಾಲದ ಅಣಬೆ ಥರ ಎದ್ವು. ರಾತ್ರಿ ಪಾಳಿಯ ನರ್ಸು ಒಬ್ರು "ನಾನೂ ಪ್ರಾರ್ಥನೆ ಮಾಡ್ತಿದೀನಿ" ಅಂದ್ರು, ಅವರ ಕತ್ತಲ್ಲಿ ಶಿಲುಬೆ ನೋಡಿ ಸೇಂಟ್ ಫಿಲೋಮಿನಾ ಚರ್ಚಿಗೆ ಮೇಣದಬತ್ತಿ ಅಂದ್ಕೊಂಡೆ. ನಮ್ ತಾಲ್ಲೂಕಿನ ಕಲ್ಲಹಳ್ಳಿ ಭೂವರಾಹಸ್ವಾಮಿನ ನೆನೆದೆ, ಅಭಿಷೇಕ ಮಾಡಿಸ್ತೀನಿ ಅಂದೆ. ಗೊತ್ತಿರೋರು ನಗ್ತೀರ, ಅದು ಸೈಟು ಮನೆ ಜಮೀನು ವ್ಯಾಜ್ಯಕ್ಕೆ ಹೋಗೋ ದೇವ್ರು, ಜನ ಇಟ್ಟಿಗೆ ಮಣ್ಣು ತಂದು ಪೂಜೆ ಮಾಡ್ಸೋ ಜಾಗ, ನಾನು ಅವನ್ ಹತ್ರ ಪ್ಲೇಟ್‌ಲೆಟ್ ಕೇಳ್ದೆ. ಊರಲ್ಲಿ ನಮ್ಮಮ್ಮ ಬೇರೆ ಅಂಗಡಿ ತೆಗೆದಿದ್ಲು, ಊರ ಮಾರಮ್ಮನಿಗೆ ತಂಬಿಟ್ಟಿನ ಆರತಿ, ಚಾಮುಂಡಿ ಬೆಟ್ಟದ ಮೆಟ್ಲಿಗೆಲ್ಲ ಅರಿಶಿನ ಕುಂಕುಮ ಹಚ್ಕೊಂಡು ಹತ್ತೋದು. ಅರವತ್ತೈದು ವರ್ಷ, ಎರಡು ಮಂಡಿನೂ ಸವೆದಿದೆ, ನಮ್ಮನೆ ಜಗಲಿ ಮೂರು ಮೆಟ್ಲು ಹತ್ತೋಕೇ "ಅಯ್ಯಪ್ಪಾ" ಅನ್ನೋಳು. ಅತ್ತೆ ಎಲ್ಲರ್ನೂ ಮೀರಿಸಿ ಧರ್ಮಸ್ಥಳದಲ್ಲಿ ಮೊಮ್ಮಗಳ ಮುಡಿ ಅಂದ್ಬಿಟ್ರು. ಮೊಮ್ಮಗಳದ್ದು! ಮಗು ಬಾಯಿಗೆ ಪೈಪ್ ಹಾಕ್ಕೊಂಡು ಮಲಗಿರೋವಾಗ ಅವಳ ಸೊಂಟದುದ್ದ ಕೂದ್ಲು ಬರೆದುಕೊಟ್ಟಿದ್ರು.

ನಾಲ್ಕನೇ ದಿನ ಬೆಳಿಗ್ಗೆ ನಾನು ಟೀ ತಗೊಂಡು ಮೇಲೆ ಬಂದಾಗ ಭಾಯ್ ಚಾಪೆ ಮಡಚಿ ಬೆಂಚ್ ಮೇಲಿತ್ತು, ಅವ್ರು ಇರ್ಲಿಲ್ಲ. ಹೆಂಡ್ತಿ ತಲೆ ಅಲ್ಲಾಡಿಸಿದ್ಲು. ಒಂದು ಗಂಟೆ ಆದ್ಮೇಲೆ ಅವ್ರು ಪೇಪರ್ ಹಿಡ್ಕೊಂಡು ಬಂದ್ರು, ಮಗನ್ನ ಕರ್ಕೊಂಡು ಹೋಗೋಕೆ. ನಂಗೆ ಏನ್ ಹೇಳ್ಬೇಕೋ ತೋಚ್ಲಿಲ್ಲ, ಎರಡು ಟೀ ಲೋಟ ಹಿಡ್ಕೊಂಡೇ ನಿಂತಿದ್ದೆ. ಅವರೇ ನನ್ ಭುಜದ ಮೇಲೆ ಕೈ ಇಟ್ಟು "ನಿಮ್ ಮಗಳಿಗೆ ದುವಾ ನಿಲ್ಸಲ್ಲ ಅಣ್ಣ" ಅಂದು ಹೋದ್ರು. ಅವತ್ತೇ ಸಂಜೆ ನನ್ ಮಗ್ಳ ಬಿಪಿ ಒಂದು ಹದಕ್ಕೆ ಬಂದು ನಿಂತ್ಕೊಳ್ತು.

ಇದನ್ನ ಬರೆಯೋವಾಗ ಕೈ ತಡೀತು, ಆದ್ರೂ ಬರೀತೀನಿ. ಊರಿಗೆ ಬಂದ ಮೇಲೆ ನೂರು ಜನ "ನಿಮ್ ಹರಕೆ ಫಲಿಸ್ತು, ದೇವ್ರು ಕಣ್ಬಿಟ್ಟ" ಅಂದ್ರು. ನಂಗೆ ಆ ಮಾತು ಕೇಳಿದ್ರೆ ಕಿವಿ ಮುಚ್ಕೊಳೋ ಹಾಗಾಗುತ್ತೆ. ಆ ಮನುಷ್ಯ ನನಗಿಂತ ನೂರು ಪಾಲು ಚೆನ್ನಾಗಿ ಕೇಳ್ಕೊಂಡಿದ್ರು, ಬೇರೆಯೋರ ಮಗುಗೂ ಕೇಳ್ಕೊಂಡಿದ್ರು. ನಾನು ಬೈದಿದ್ದೆ. ಫಲ ಅಂತ ಲೆಕ್ಕ ಹಾಕಿದ್ರೆ ಈ ಲೆಕ್ಕ ಯಾವ ಆಡಿಟರ್ ಬಂದ್ರೂ ಟ್ಯಾಲಿ ಆಗಲ್ಲ. ಆಸ್ಪತ್ರೇಲಿ ಇರೋರ ಹತ್ರ ದಯವಿಟ್ಟು "ನಂಬಿಕೆಯಿಂದ ಕೇಳಿ, ಕೊಟ್ಟೇ ಕೊಡ್ತಾನೆ" ಅಂತ ಹೇಳ್ಬೇಡಿ, ಪಕ್ಕದ ಬೆಂಚಲ್ಲಿ ಯಾರಿದಾರೋ ನೋಡ್ಕೊಂಡು ಮಾತಾಡಿ.

ಏಳನೇ ದಿನ ವಾರ್ಡಿಗೆ ಹಾಕಿದ್ರು, ಒಂಬತ್ತನೇ ದಿನ ಡಿಸ್ಚಾರ್ಜು. ಬೆಳಿಗ್ಗೆ ಹತ್ತಕ್ಕೆ "ಹೋಗ್ಬೋದು" ಅಂದ್ರು, ಫಾರ್ಮಸಿ ಕ್ಲಿಯರೆನ್ಸು, ಲ್ಯಾಬ್ ಕ್ಲಿಯರೆನ್ಸು ಅಂತ ಹೊರಗೆ ಬಿದ್ದಾಗ ಸಂಜೆ ಐದೂಮುಕ್ಕಾಲು. ಒಟ್ಟು 1,83,000 ಚಿಲ್ರೆ. ಹೆಂಡ್ತಿ ಬಳೆ ಗಿರವಿ, ಸಂಘದಿಂದ ಸಾಲ, ಭಾವಮೈದ ಕೊಟ್ಟಿದ್ದು ನಲವತ್ತು. ಐಟಂ ಐಟಂ ಬಿಲ್ಲು ಕೇಳಿ ಇಸ್ಕೊಳಿ, ನಮಗೆ ಬಳಸದೇ ಇರೋ ಔಷಧಿ ವಾಪಸ್ ಮಾಡಿ 4,200 ಕಮ್ಮಿ ಆಯ್ತು.

ಮನೆಗೆ ಬಂದು ಒಂದು ವಾರ ಆದ್ಮೇಲೆ ನಾನು, ಅಮ್ಮ, ಅತ್ತೆ ಕೂತು ಪುಸ್ತಕ ತೆಗೆದು ಬರ್ದ್ವಿ. ಯಾರು ಹೊತ್ತಿದ್ದು, ಯಾವ ದೇವ್ರಿಗೆ, ಏನು. ಎಂಟು ಸಾಲು ಆಯ್ತು. ನೀನೇನ್ ಹೊತ್ಕೊಂಡೆ ಅಂತ ಹೆಂಡ್ತೀನ ಕೇಳ್ದೆ. ಹಿಟ್ಟು ನಾದ್ತಾ ಇದ್ಲು. "ಏನೂ ಇಲ್ಲ. ಕೊಡ್ತೀನಿ ತಗೋತೀನಿ ಅನ್ನೋಕೆ ಅವನೇನ್ ಅಂಗಡಿ ಇಟ್ಟವ್ನಾ. ಕೂಗ್ದೆ ಅಷ್ಟೇ, ಬಾಗ್ಲಲ್ಲಿ ನಿಂತ್ಕೊಂಡು." ನಾನು ಅವಳ ಹೆಸರಿಗೆ ಬಿಟ್ಟಿದ್ದ ಜಾಗ ಖಾಲೀನೇ ಉಳೀತು.

ಸುಲಭದ್ದು ಮೊದಲು ಮುಗಿಸಿದ್ವಿ. ಚೆಕಪ್‌ಗೆ ಮೈಸೂರಿಗೆ ಹೋದಾಗ ಚರ್ಚಲ್ಲಿ ಮೇಣದಬತ್ತಿ ಹಚ್ಚಿದ್ವಿ, ಎರಡು ಹಚ್ಚಿದೆ, ಎರಡನೇದು ಯಾರಿಗೆ ಅಂತ ಮಗ್ಳು ಕೇಳಿದ್ಲು, ಹೇಳ್ಲಿಲ್ಲ. ವಾಪಸ್ ಬರೋವಾಗ ನಿಮಿಷಾಂಬಗೆ ನಿಂಬೆಹಣ್ಣಿನ ಹಾರ. ಮಾರಮ್ಮನ ಆರತಿ ಊರ ಹಬ್ಬದಲ್ಲೇ ಆಯ್ತು. ವರಾಹಸ್ವಾಮಿ ಅಭಿಷೇಕಕ್ಕೆ ಹೋದ್ರೆ ಪಕ್ಕದಲ್ಲಿ ಇದ್ದೋರು "ನಿಮ್ದು ಎಷ್ಟು ಗುಂಟೆ ಕೇಸು" ಅಂತ ಕೇಳಿದ್ರು. ಮಗ್ಳನ್ನ ತೋರಿಸ್ದೆ.

ಚಾಮುಂಡಿ ಬೆಟ್ಟದ್ದು ದೊಡ್ಡ ಚರ್ಚೆ. ಸಾವಿರ ಮೆಟ್ಲು, ಅಮ್ಮನ ಕೈಲಿ ಸಾಧ್ಯವೇ ಇಲ್ಲ, ಬೇರೆಯೋರು ಹತ್ತಿದ್ರೆ ಹರಕೆ ಸಲ್ಲಲ್ಲ ಅಂತ ಅಮ್ಮ. ಡಿಸೆಂಬರಲ್ಲಿ ಒಂದು ಉಪಾಯ ಮಾಡಿದ್ವಿ. ಏಳುನೂರನೇ ಮೆಟ್ಲ ಹತ್ರ ದೊಡ್ಡ ನಂದಿ ಇದ್ಯಲ್ಲ, ಅಲ್ಲಿಗೆ ರಸ್ತೆ ಇದೆ. ಬೆಳಿಗ್ಗೆ ಐದಕ್ಕೆ ಹೆಂಡ್ತಿ ಮತ್ತೆ ನಾನು ಕೆಳಗಿಂದ ಹಚ್ಕೊಂಡು ಬಂದ್ವಿ, ಅಮ್ಮನ್ನೂ ಮಗ್ಳನ್ನೂ ಆಟೋದಲ್ಲಿ ನಂದಿ ಹತ್ರ ಇಳಿಸಿದ್ರು ಭಾವಮೈದ. ಅಲ್ಲಿಂದ ಮೇಲಿನ ಮುನ್ನೂರು ಅಮ್ಮ ಹತ್ತಿದ್ಲು, ಕೂತು ಎದ್ದು, ಮಗ್ಳು ಕುಂಕುಮದ ಬಟ್ಟಲು ಹಿಡ್ಕೊಂಡು, ಮೂರೂವರೆ ಗಂಟೆ. ಎರಡು ಸಲ "ಸಾಕು ಕಣಮ್ಮ" ಅಂದೆ, "ಸುಮ್ಕಿರ್ಲಾ, ನಿನ್ನ ಕರ್ದಿಲ್ಲ" ಅಂದ್ಲು. ಹೋಗೋರಿಗೆ ಹೇಳೋದು, ಅರ್ಧ ಕೆಜಿ ಅರಿಶಿನ ಕಾಲು ಕೆಜಿ ಕುಂಕುಮ ಅಂತ ತಗೊಂಡೋಗಿದ್ವಿ, ನಾನೂರನೇ ಮೆಟ್ಲಿಗೇ ಮುಗೀತು, ಆಮೇಲೆ ನೀರು ಬೆರೆಸಿ ಬೊಟ್ಟು ಬೊಟ್ಟು ಇಟ್ವಿ. ಮೊದ್ಲೇ ಕಲಸಿ ತಗೊಂಡೋಗಿ. ಆಷಾಢ ಶುಕ್ರವಾರ ಮಾತ್ರ ಬೇಡವೇ ಬೇಡ, ಆ ಜನದಲ್ಲಿ ಮೆಟ್ಲೇ ಕಾಣಲ್ಲ.

ಧರ್ಮಸ್ಥಳದ್ದು ಮನೆ ಒಡೆಯೋ ಮಟ್ಟಕ್ಕೆ ಹೋಗಿತ್ತು. ಆ ಮಳೆಗಾಲ ಶಿರಾಡಿ ಕಡೆ ಗುಡ್ಡ ಕುಸೀತಿತ್ತು, ಅದು ಮೊದಲ ನೆಪ. ಆಮೇಲೆ ಮಗ್ಳು ಖಡಾಖಂಡಿತ "ನಾನು ಬೋಳಿಸ್ಕೊಳ್ಳಲ್ಲ, ನನ್ನನ್ನ ಯಾರಾದ್ರೂ ಕೇಳಿದ್ರಾ" ಅಂದ್ಲು. ಅತ್ತೆ "ಕಾಸು ಬಿಡ ತಿಮ್ಮಪ್ಪ, ಮಾತು ಬಿಡ ಮಂಜಪ್ಪ, ಗೊತ್ತಿಲ್ವಾ, ಮಾತು ತಪ್ಪಿದ್ರೆ ಏನಾಗುತ್ತೋ" ಅಂತ ಅಳು. ನಂಗೆ ಇಬ್ರದ್ದೂ ಸರಿ ಅನ್ನಿಸ್ತಿತ್ತು. ಮಾತು ಕೊಟ್ಟಾಗಿದೆ ನಿಜ, ಆದ್ರೆ ಕೂದ್ಲು ಅತ್ತೇದಲ್ವಲ್ಲ. ಹರಕೆ ಹೊರೋದಾದ್ರೆ ನಿಮ್ ಮೈ, ನಿಮ್ ಜೇಬಿಂದ ತೀರೋದನ್ನ ಹೊರಿ, ಮಕ್ಕಳ ಮೈ ಮೇಲೆ ಹೊರ್ಬೇಡಿ, ಇದನ್ನ ನಾನು ಜಗಳ ಆಡಿ ಹೇಳ್ತೀನಿ. ಕೊನೆಗೆ ಊರಿನ ಹಿರಿಯರೊಬ್ರು ದಾರಿ ಹೇಳಿದ್ರು, ಹೆಣ್ಮಕ್ಳು ತುದಿಕೂದ್ಲು ಮೂರು ಕತ್ತರಿ ಕೊಟ್ರೂ ಮುಡಿ ಕೊಟ್ಟಂಗೇ ಅಂತ. ಅದ್ರ ಜೊತೆ ನಾನು ಪೂರ್ತಿ ಕೊಡ್ತೀನಿ ಅಂದೆ. ಅತ್ತೆ ಎರಡು ದಿನ ಯೋಚನೆ ಮಾಡಿ ಒಪ್ಕೊಂಡ್ರು.

ಜನವರೀಲಿ ಹೋದ್ವಿ. ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ ದಾರಿ, ಆರ್ಡಿನರಿ ಬಸ್ಸು, ಶಕ್ತಿ ಯೋಜನೇಲಿ ಹೆಂಗಸರೆಲ್ಲ ಫ್ರೀ, ಟಿಕೆಟ್ ದುಡ್ಡು ಕೊಟ್ಟಿದ್ದು ನಾನೊಬ್ನೇ. ನೇತ್ರಾವತೀಲಿ ಸ್ನಾನ, ಮುಡಿ ಚೀಟಿ, ನನ್ ತಲೆ ಬೋಳಾಗ್ತಿದ್ದಂಗೆ ಮಗ್ಳು ಹೊಟ್ಟೆ ಹಿಡ್ಕೊಂಡು ನಗೋಕೆ ಶುರು ಮಾಡಿದ್ಲು, ಆ ನಗು ಕೇಳಿ ಅತ್ತೇನೂ ನಕ್ರು. ಗಂಡಸರು ಅಂಗಿ ಬನಿಯನ್ ತೆಗೀಬೇಕು ಒಳಗೆ ಹೋಗೋಕೆ, ಅದನ್ನ ಇಡೋಕೆ ಒಂದು ಬ್ಯಾಗ್ ಇಟ್ಕೊಳಿ, ನಾನು ಸೊಂಟಕ್ಕೆ ಕಟ್ಕೊಂಡು ಕ್ಯೂನಲ್ಲಿ ಎರಡು ಗಂಟೆ ಒದ್ದಾಡ್ದೆ.

ನಂಜನಗೂಡನ್ನ ನಾನೇ ಮುಂದಕ್ಕೆ ಹಾಕ್ತಾ ಬಂದಿದ್ದೆ. ಮಂಡಿನೋವು ಅಂತ ಅಮ್ಮನ ಥರ ನೆಪ ಹೇಳೋಕಾಗಲ್ಲ, ಆ ಹರಕೆ ಹೇಳ್ಕೊಟ್ಟೋರ ನೆನಪೇ ಕಾರಣ. ಏಪ್ರಿಲ್‌ನಲ್ಲಿ ಒಂದು ಮಂಗಳವಾರ ಹೋದೆ, ಸೋಮವಾರ ಹುಣ್ಣಿಮೆ ಜನ ಜಾಸ್ತಿ. ಕಪಿಲಾ ನದೀಲಿ ಮುಳುಗಿ ಒದ್ದೆ ಪಂಚೇಲಿ ಶುರು ಮಾಡ್ದೆ. ಉರುಳು ಸೇವೆ ಮಾಡೋರಿಗೆ ಹೇಳ್ತೀನಿ, ಹೊಟ್ಟೆ ಖಾಲಿ ಇರ್ಲಿ, ಬಿಸಿಲು ಏರೋ ಮುಂಚೆ ಮುಗಿಸಿ, ಬೇಸಿಗೇಲಿ ಕಲ್ಲು ಸುಡುತ್ತೆ, ಕೈ ತಲೆ ಮೇಲಕ್ಕೆ ಚಾಚಿ ಜೋಡಿಸ್ಕೊಳಿ, ಇಲ್ಲಾಂದ್ರೆ ಮೊಣಕೈ ತರಚುತ್ತೆ, ಪಕ್ಕದಲ್ಲಿ ಒಬ್ರು ದಿಕ್ಕು ಸರಿಮಾಡ್ತಾ ನಡೀಬೇಕು. ಆ ದೇವಸ್ಥಾನ ಎಷ್ಟು ದೊಡ್ಡದು ಅಂತ ಉರುಳಿದ ಮೇಲೇ ಗೊತ್ತಾಗೋದು. ಕಾಲು ಭಾಗಕ್ಕೇ ತಲೆ ಸುತ್ತಿ ಆಕಾಶ ಕಲ್ಲು, ಆಕಾಶ ಕಲ್ಲು. ನಾನು ಮಗ್ಳ ಹೆಸರು ಹೇಳ್ಕೊಂಡು ಶುರು ಮಾಡಿದ್ದು, ಯಾವಾಗ ಆ ಹುಡುಗನ ಹೆಸರು ಬಾಯಿಗೆ ಬಂತೋ ಗೊತ್ತಿಲ್ಲ. ಅದನ್ನೇ ಹೇಳ್ತಾ ಮುಗಿಸ್ದೆ. ಏನನ್ನೂ ಕೇಳ್ಲಿಲ್ಲ, ಕೇಳೋಕೆ ಏನೂ ಇರ್ಲಿಲ್ಲ. ಎದ್ದು ಕೂತಾಗ ವಾಂತಿ ಬಂತು, ಹೆಂಡ್ತಿ ಬೆನ್ನು ಸವರಿ ಒಂದು ಬಾಳೆಹಣ್ಣು ಕೊಟ್ಲು. ಭಾಯ್ ನಂಬರ್ ಫೋನಲ್ಲಿದೆ. ಇನ್ನೂ ಮಾಡಿಲ್ಲ. ಏನಂತ ಮಾಡ್ಲಿ?

ಉಳಿದಿದ್ದು ಮೊದಲನೇದು, ಹೆಸರಿಲ್ಲದ ದೇವ್ರು. ಬೈಕಲ್ಲಿ ಆ ದಾರೀಲಿ ನಾಲ್ಕು ಸಲ ಹೋದೆ, ಎರಡು ಸಲ ಬೇಕಂತಲೇ ರಾತ್ರಿ, ಕೆಂಪು ಬಲ್ಬು ಹುಡುಕ್ಕೊಂಡು. ಕೆಂಪು ಬಲ್ಬು ಇರೋ ಗುಡಿ ಮೂರು ಸಿಕ್ವು. ಒಂದ್ರಲ್ಲಿ ಆಂಜನೇಯ, ಒಂದ್ರಲ್ಲಿ ಮುನೇಶ್ವರ, ಇನ್ನೊಂದು ಬರೀ ಕಲ್ಲು, ಅರಿಶಿನ ಮೆತ್ತಿದ್ದು. ಆಂಬುಲೆನ್ಸ್ ಹುಡುಗ ಸಿಕ್ಕಿದ್ದ, "ಅಣ್ಣ ನಾನು ದಿನಕ್ಕೆ ಆರು ಟ್ರಿಪ್ ಹೊಡೀತೀನಿ, ನಿಮ್ದು ಎಲ್ಲಿ ನೆನಪಿರುತ್ತೆ" ಅಂದ. ಅದೂ ಸರೀನೇ.

ಹೋದ ಭಾನುವಾರ ಮಗ್ಳನ್ನ ಮುಂದೆ ಕೂರಿಸ್ಕೊಂಡು ಮೂರು ಕಾಯಿ ತಗೊಂಡು ಹೋದೆ, ಅವತ್ತು ಕಾಯಿ ಒಂದಕ್ಕೆ ಅರವತ್ತು ರೂಪಾಯಿ ಆಗಿತ್ತು, ಹರಕೆ ಹೊತ್ತಾಗ ಮೂವತ್ತಿತ್ತು. ಆಂಜನೇಯನಿಗೆ ಒಡೆದೆ. ಆ ಬರೀ ಕಲ್ಲಿಗೆ ಒಡೆದೆ. ಮುನೇಶ್ವರನ ಹತ್ರ ಒಡೆದ ಕಾಯಿ ಒಳಗೆಲ್ಲ ಕೊಳೆತು ವಾಸನೆ. ನನ್ ಎದೆ ಧಸಕ್ ಅಂತು, ಹನ್ನೊಂದು ತಿಂಗಳು ಓಡಾಡಿ ಕೊನೇದ್ರಲ್ಲಿ ಹಿಂಗಾಯ್ತಲ್ಲ ಅಂತ ಅಲ್ಲೇ ನಿಂತ್ಬಿಟ್ಟೆ. ಮಗ್ಳು ಬಗ್ಗಿ ನೋಡಿ ಮೂಗು ಮುಚ್ಕೊಂಡು ಹೇಳಿದ್ಲು, "ಅಪ್ಪ, ಆವತ್ತು ನೀನ್ ಕೂಗಿದ್ದು ಇವ್ರನ್ನಲ್ಲ ಅನ್ಸುತ್ತೆ, ಬಾ."